ಸೈರನ್ ಇಳಿಸಿದ ವರ್ಷ

"ಏಯ್ ಕೊಕ್ಕರೆ, ಕಾಲೆಲ್ಲಿಟ್ಟೆ ನೋಡೇ ಮುಂಡೇದೇ. ಮೊಟ್ಟೆ ಇದಾವೆ ಅಲ್ಲಿ. ಒಂದು ಒಡೆದ್ರೂ ನಿನ್ನ ವಂಶಾನೇ ಮಾರಿದ್ರೂ ಸಾಲಲ್ಲ."

ಮೇಸ್ತ್ರಿ ದಡದಲ್ಲಿ ಕೊಡೆ ಹಿಡಿದು ನಿಂತು ಬಯ್ಯುತ್ತಿದ್ದ. ಅವಳು ಎತ್ತಿದ ಕಾಲನ್ನು ಹಾಗೇ ಎತ್ತಿಕೊಂಡು ನಿಂತಳು. ಮೊಣಕಾಲುದ್ದ ಕೆಸರು ನೀರು, ಕಂಕುಳಲ್ಲಿ ಜೊಂಡಿನ ಸಸಿಗಳ ಕಟ್ಟು, ಒಂಟಿ ಕಾಲು. ಸಾಲಿನಲ್ಲಿ ಬಗ್ಗಿ ನೆಡುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಉದ್ದ ಕಾಲು, ಬಡಕಲು ಕುತ್ತಿಗೆ, ದಿನವೆಲ್ಲ ನೀರಲ್ಲಿ ನಿಂತು ಜೊಂಡು ಕೊಯ್ಯುವ ಕಸುಬು. ಮದುವೆಯಾಗಿ ಬಂದ ವರ್ಷವೇ ಅವಳಿಗೆ ಆ ಹೆಸರು ಅಂಟಿಕೊಂಡಿತ್ತು. ಅಪ್ಪ ಅಮ್ಮ ಇಟ್ಟ ಹೆಸರನ್ನು ಯಾರಾದರೂ ಕರೆದರೆ ಈಗ ಅವಳೇ ಹಿಂದೆ ತಿರುಗಿ ಯಾರನ್ನು ಕರೆದರೋ ಎಂದು ನೋಡುತ್ತಿದ್ದಳು.

"ಹಾರಿಬಿಡೇ ಅಕ್ಕ" ಅಂದಳು ಪಕ್ಕದವಳು.

"ರೆಕ್ಕೆ ಇದ್ದಿದ್ರೆ ಮೊದಲು ಇವನ ಕೊಡೆ ಮೇಲೆ ಹೋಗಿ ಹೇತು ಬರ್ತಿದ್ದೆ."

"ಏನೇ ಅದು ಗುಸುಗುಸು?"

"ಏನಿಲ್ಲ ಮೇಸ್ತ್ರಿ, ಎಲ್ಲಿ ಕಾಲಿಡ್ಲಿ ಅಂತ ಕೇಳ್ತಿದೀನಿ."

"ಗಾಳೀಲಿಡು."

ಅದು ನೆರೆಯ ನೀರು ಬಿಡುವ ತಗ್ಗು. ಹೊಳೆ ಉಕ್ಕಿದಾಗ ಊರೊಳಗೆ ನುಗ್ಗದಿರಲಿ ಎಂದು ತಗ್ಗಿನ ಸುತ್ತ ಎತ್ತರದ ಏರಿ ಹಾಕಿ, ಹೊಳೆಯ ಬದಿಗೆ ಕಬ್ಬಿಣದ ಗೇಟು ಇಟ್ಟಿದ್ದರು. ಗೇಟು ಎತ್ತಿದರೆ ಹೆಚ್ಚಾದ ನೀರೆಲ್ಲ ತಗ್ಗಿಗೆ ಬೀಳುತ್ತಿತ್ತು, ಏರಿಯಾಚೆ ಊರು ಬೆಚ್ಚಗೆ ಮಲಗಿರುತ್ತಿತ್ತು. ಆ ಏರಿಗೆ ಮಣ್ಣು ಹೊತ್ತವರು ಕೆಲಸ ಮುಗಿದ ಮೇಲೆ ಹೋಗಲು ಇನ್ನೊಂದು ಜಾಗವಿಲ್ಲದೆ, ತಾವೇ ಮಣ್ಣು ತೆಗೆದ ಹಳ್ಳದಲ್ಲಿ ಉಳಿದುಬಿಟ್ಟರು. ಅಲ್ಲಿ ಬೆಳೆದ ಜೊಂಡು ಕೊಯ್ದು ಚಾಪೆ ಹೆಣೆದರು. ಹೆತ್ತರು, ಸತ್ತರು, ಅಲ್ಲೇ ಒಂದು ದಿಬ್ಬದಲ್ಲಿ ಮಣ್ಣಾದರು. ಊರಿನವರ ಬಾಯಲ್ಲಿ ಅವರ ಹೆಸರು 'ಕೆಳಗಿನವರು'.

ಗೇಟು ಎತ್ತುವ ಮೊದಲು ಗೇಟಿನ ಮನೆಯ ನೆತ್ತಿಯಿಂದ ಸೈರನ್ ಕೂಗುತ್ತಿತ್ತು. ಕರುಳಲ್ಲಿ ಕೈಹಾಕಿ ಎಳೆದ ಹಾಗಿರುತ್ತಿತ್ತು ಅದರ ಕೂಗು. ಕೇಳಿದ್ದೇ ಹಾಸಿಗೆ, ಪಾತ್ರೆ, ಮಕ್ಕಳು, ಮುದುಕರು ಎಲ್ಲವನ್ನೂ ಹೊತ್ತುಕೊಂಡು ಕಲ್ಲುಮೆಟ್ಟಿಲು ಹತ್ತಿ ಏರಿಯ ಮೇಲೆ ಹೋಗಿ ಕೂರುತ್ತಿದ್ದರು. ನೀರು ಇಳಿದ ಮೇಲೆ ತಾವೂ ಇಳಿದು, ಕರಗಿದ ಗೋಡೆಗೆ ಮತ್ತೆ ಮಣ್ಣು ಮೆತ್ತುತ್ತಿದ್ದರು. ಇದೂ ಒಂದು ಬದುಕಾ ಎಂದು ಯಾರಾದರೂ ಕೇಳಿದರೆ ಚಾಪೆ ಮಾರುವ ಮುದುಕ, ಎಲ್ಲರೂ ಚಾಪೆತಾತ ಅನ್ನುತ್ತಿದ್ದರು ಅವನಿಗೆ, "ಇಲ್ಲಪ್ಪ, ಇದು ಈಜು" ಅನ್ನುತ್ತಿದ್ದ.

ಆ ವರ್ಷ ಊರಿನ ದೊಡ್ಡವರ ಕಣ್ಣು ತಗ್ಗಿನ ಮೇಲೆ ಬಿತ್ತು. ಜನ ಬಂದು ಗಾಳಿ ಕುಡಿಯಬೇಕು, ಮಕ್ಕಳು ಆಡಬೇಕು, ಹಕ್ಕಿ ಬಂದು ಗೂಡು ಕಟ್ಟಬೇಕು ಎಂದು ಕೊಳ ತೋಡುವ ಕೆಲಸ ಶುರುವಾಯಿತು. ಕೆಲಸ ಅರ್ಧ ಮುಗಿದ ಮೇಲೆ, ಮಾಡೋಣವೇ ಬೇಡವೇ ಎಂದು ಎಲ್ಲರನ್ನೂ ಕೇಳುವುದಕ್ಕೆ ಸಭೆ ಕರೆದರು.

ಏರಿಯ ಮೇಲೆ ಶಾಮಿಯಾನ ಹಾಕಿ ಕೆಂಪು ಹಾಸು ಹಾಸಿತ್ತು. ಕೊಳದಿಂದ ನೇರ ಬಂದ ಕೆಳಗಿನವರ ಕಾಲುಗಳನ್ನು ಮೇಸ್ತ್ರಿ ನೋಡಿದ. "ಹಾಸು ತುಳೀಬೇಡಿ. ಅಲ್ಲೇ ಚಪ್ಪಲಿ ಬಿಟ್ಟಿದಾರಲ್ಲ, ಅಲ್ಲಿ ನಿಂತ್ಕೊಳ್ಳಿ. ಮಾತು ಕೇಳ್ಸುತ್ತೆ." ಅವರು ಚಪ್ಪಲಿಗಳ ಹಿಂದೆ ನಿಂತರು. ಮುಂದೆ ದೊಡ್ಡ ಹಲಗೆಯ ಮೇಲೆ ಬಣ್ಣದ ಚಿತ್ರ. ಅದರ ಪಕ್ಕದಲ್ಲಿ ನೆರೆ ಇಲಾಖೆಯ ಸಾಹೇಬರು ಕೋಲು ಹಿಡಿದು ತೋರಿಸುತ್ತಿದ್ದರು. ಇದು ನಡೆಯುವವರ ದಾರಿ, ಏರಿಯ ಉದ್ದಕ್ಕೂ. ಇದು ಮಕ್ಕಳ ಉಯ್ಯಾಲೆ. ಇಲ್ಲಿ ಹಂಸದ ದೋಣಿ, ಕಾಲಲ್ಲಿ ತುಳಿದು ಓಡಿಸುವುದು. ಇದು ಹಕ್ಕಿಗಳ ದ್ವೀಪ. ಅದರ ಪಕ್ಕದಲ್ಲಿ ಹಕ್ಕಿ ನೋಡುವ ಅಟ್ಟಣೆ, ಕಬ್ಬಿಣದ್ದು.

ದ್ವೀಪ ಅಂದದ್ದು ಕೆಳಗಿನವರು ಸತ್ತವರನ್ನು ಇಡುತ್ತಿದ್ದ ದಿಬ್ಬ. ಚಾಪೆತಾತ ಪಕ್ಕದಲ್ಲಿ ನಿಂತಿದ್ದ ಕೊಕ್ಕರೆಯನ್ನು ಮೊಣಕೈಯಿಂದ ತಿವಿದ. ಆಮೇಲೆ ತಾನೇ ಕೈಯೆತ್ತಿದ.

"ಸ್ವಾಮೀ, ಅದ್ರಲ್ಲಿ ನಮ್ಮ ಮನೆಗಳು ಯಾವುವು?"

ಸಾಹೇಬರು ಚಿತ್ರಕ್ಕೆ ಮೂಗು ತಾಗಿಸಿ ಹುಡುಕಿದರು. ಕೋಲು ಒಂದಷ್ಟು ಹೊತ್ತು ಹಸಿರಿನ ಮೇಲೆ ಓಡಾಡಿತು. "ಇಲ್ಲಿ ಬಾತುಕೋಳಿ ಬರೆದಿದೆಯಲ್ಲ, ಅದರ ಹಿಂದೆ ಬರುತ್ತೆ. ಸದ್ಯಕ್ಕೆ ಇರಿ. ಎರಡನೇ ಹಂತದಲ್ಲಿ ನಿಮ್ಮದು ನೋಡೋಣ."

ಮುಂದಿನ ಕುರ್ಚಿಯಿಂದ ಬಿಳಿ ಕೂದಲಿನ ಹೆಂಗಸೊಬ್ಬರು ಎದ್ದರು. ಕೊರಳಲ್ಲಿ ಬೈನಾಕ್ಯುಲರ್. ಕೂಲಿಯವರೆಲ್ಲ ಅವರನ್ನು ಹಕ್ಕಿ ಮೇಡಂ ಅನ್ನುತ್ತಿದ್ದರು. ಕೆಟ್ಟವರಲ್ಲ. ಬಿಸಿಲಲ್ಲಿ ಕೆಲಸ ಮಾಡುವವರಿಗೆ ನೀರಿನ ಬಾಟಲಿ ತಂದು ಕೊಡುತ್ತಿದ್ದರು. ಈಗ ಮೆತ್ತಗಿನ ದನಿಯಲ್ಲಿ ಒಂದು ವಿನಂತಿ ಅಂದರು. ಗೇಟಿನ ಮನೆಯ ಸೈರನ್ ಕೂಗಿದರೆ ಗೂಡು ಕಟ್ಟುವ ಹಕ್ಕಿಗಳು ಬೆದರುತ್ತವೆ, ಕಾವಿಗೆ ಕೂತವು ಮೊಟ್ಟೆ ಬಿಟ್ಟು ಹಾರುತ್ತವೆ, ಮತ್ತೆ ಬರುವುದಿಲ್ಲ. ಈಗಿನ ಕಾಲದಲ್ಲಿ ಅಂಥ ರಾಕ್ಷಸ ಶಬ್ದ ಬೇಕೇ?

"ಫೋನಿಗೆ ಮೆಸೇಜ್ ಬಿಡೋಣ" ಅಂದರು ಸಾಹೇಬರು. "ಸೈರನ್ ಇಳಿಸಿಬಿಡೋಣ." ಚಪ್ಪಾಳೆ ಬಿತ್ತು.

ಅವಳಿಗೆ ಮಾತಾಡಬೇಕೆಂದಿರಲಿಲ್ಲ. ಬಾಯಿ ತಾನೇ ತೆರೆಯಿತು.

"ಮೇಡಂ, ಅದು ಕೂಗ್ದೇ ಇದ್ರೆ ನೀರು ಬರೋದು ನಮಗೆ ಹೆಂಗೆ ಗೊತ್ತಾಗ್ಬೇಕು?"

"ಹೇಳಿದ್ರಲ್ಲಮ್ಮ, ಮೆಸೇಜ್ ಬರುತ್ತೆ."

"ನಮ್ಮಲ್ಲಿ ಫೋನಿರೋದು ಒಬ್ರ ಹತ್ರಾನೋ ಇಬ್ರ ಹತ್ರಾನೋ. ಚಾರ್ಜಿಗೆ ಕರೆಂಟಿಲ್ಲ. ಓದೋಕೂ ಬರಲ್ಲ."

"ಓದೋದು ಕಲೀರಿ" ಅಂದರು ಸಾಹೇಬರು. "ಎಲ್ಲಾನೂ ನಾವೇ ಬಾಯಿಗೆ ಇಡಬೇಕಾ?"

"ಹಕ್ಕಿಗೆ ಓದೋಕೆ ಬರುತ್ತಾ ಸಾಹೇಬ್ರೇ?"

ಮೇಸ್ತ್ರಿ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. "ಯಾರಿದು?" ಅಂದರು ಸಾಹೇಬರು. "ಕೊಕ್ಕರೆ ಅಂತ ಸಾರ್" ಅಂದ ಮೇಸ್ತ್ರಿ. ಅಷ್ಟು ಸಾಕಾಯಿತು. ನಗು ಮುಂದಿನ ಕುರ್ಚಿಯಿಂದ ಹಿಂದಿನ ಕುರ್ಚಿಯವರೆಗೆ ಉರುಳಿಕೊಂಡು ಬಂತು. ಸಾಹೇಬರು ಕಣ್ಣೊರೆಸಿಕೊಂಡರು. "ಕೊಕ್ಕರೆಗೇ ದ್ವೀಪ ಮಾಡ್ಕೊಡ್ತಿದೀವಲ್ಲಮ್ಮ. ಇನ್ನೇನು ಬೇಕು?"

ನಗು ತಣ್ಣಗಾದ ಮೇಲೆ ಅವರು ಇನ್ನೊಂದು ಮಾತು ಹೇಳಿದರು. ಕೆಳಗಿನವರಲ್ಲೇ ಒಬ್ಬನಿಗೆ ವಾಚ್‌ಮನ್ ಕೆಲಸ. ನೀಲಿ ಬಣ್ಣದ ಸರ್ಕಾರಿ ಅಂಗಿ, ತಿಂಗಳ ಸಂಬಳ. ಕೋಲು ಚಿತ್ರದಿಂದ ಎದ್ದು ಚಪ್ಪಲಿಗಳ ಕಡೆ ತಿರುಗಿ, ಒಂದೆರಡು ತಲೆ ದಾಟಿ, ಅವಳ ಗಂಡನ ಮೇಲೆ ನಿಂತಿತು. "ಇವನು ಇವಳ ಗಂಡನಾ? ಸರಿ. ಇವನೇ ಇರ್ಲಿ." ಮತ್ತೆ ಚಪ್ಪಾಳೆ. ಅವಳ ಗಂಡ ಎರಡೂ ಕೈ ಜೋಡಿಸಿದ್ದ. ಅವಳು ಬಾಯಿ ಮುಚ್ಚಿದಳು.

ಅಂಗಿ ಬಂದ ದಿನ ಅವಳ ಅತ್ತೆ ಮಗನನ್ನು ಹತ್ತಿರ ಕೂರಿಸಿಕೊಂಡು ಒಂದೊಂದೇ ಗುಂಡಿ ಮುಟ್ಟಿ ನೋಡಿದಳು. ಜೊಂಡಿನ ಹೊರೆ ಹೊತ್ತು ಜಾರಿ ಬಿದ್ದ ದಿನದಿಂದ ಮುದುಕಿಗೆ ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ. ನಾಲಿಗೆಗೆ ಏನೂ ಆಗಿರಲಿಲ್ಲ.

"ನಿಮ್ಮಪ್ಪನ ಹೆಗಲ ಮೇಲೆ ಮಣ್ಣಿನ ಬುಟ್ಟಿ ಬಿಟ್ಟು ಬೇರೇನೂ ಕಂಡೋಳಲ್ಲ ನಾನು. ನೋಡೇ ಸೊಸೆ, ಇವನ ಹೆಗಲಿಗೆ ಪಟ್ಟಿ ಬಂದಿದೆ. ಇನ್ನು ಇವನನ್ನ ಯಾರೂ ಲೇ ಅನ್ನೋ ಹಾಗಿಲ್ಲ."

"ನಾನೂ ಅನ್ನೋ ಹಾಗಿಲ್ವಾ ಅತ್ತೆ?"

"ನೀನು ಮನೆಯೊಳಗೆ ಅನ್ನು."

ಆ ರಾತ್ರಿ ಊಟಕ್ಕೆ ಕೂತಾಗಲೂ ಅವನು ಅಂಗಿ ಬಿಚ್ಚಲಿಲ್ಲ. ಮೈಗೆ ಬೆವರು ಬಂದರೂ ಬಿಚ್ಚಲಿಲ್ಲ. ಅವಳಿಗೆ ನಗು ಬಂತು, ಹೊಟ್ಟೆಯೊಳಗೆ ಬೆಚ್ಚಗೂ ಆಯಿತು. ಇಷ್ಟು ವರ್ಷದಲ್ಲಿ ಅವನು ಬೆನ್ನು ನೆಟ್ಟಗೆ ಮಾಡಿ ಕೂತದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಬೆಚ್ಚಗಿನದು ಬಹಳ ದಿನ ಉಳಿಯಲಿಲ್ಲ. ನಾಯಿ, ಜನ ನುಗ್ಗಬಾರದೆಂದು ತಗ್ಗಿನ ಸುತ್ತ, ಏರಿಯ ಬುಡಕ್ಕೆ ಎರಡಾಳೆತ್ತರದ ತಂತಿಬೇಲಿ ಬಂತು. ಹಳೇ ಕಲ್ಲುಮೆಟ್ಟಿಲು ಚಿತ್ರದಲ್ಲಿ ಇರಲಿಲ್ಲವಾದ್ದರಿಂದ ಅದನ್ನು ಕಿತ್ತು, ಆ ಕಲ್ಲುಗಳಿಂದ ಹೂವಿನ ಪಾತಿಗೆ ಅಂಚು ಕಟ್ಟಿದರು. ಇನ್ನು ಹೊರಗೆ ಹೋಗಿ ಬರುವುದು ಒಂದೇ ದಾರಿ, ದೂರದಲ್ಲಿ, ಹೊಳೆಯ ಗೇಟಿನ ಪಕ್ಕ. ಜೊಂಡು ಕೊಯ್ಯಬಾರದೆಂದಾಯಿತು. ಕೊಯ್ದರೆ ಹಿಡಿದು ಕೊಡುವುದು ವಾಚ್‌ಮನ್ ಕೆಲಸ. ಅವನು ಸೀಟಿ ಊದುತ್ತ ಓಡಿಬಂದು, ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಚಾಪೆತಾತನ ಕೈಯಿಂದಲೇ ಕುಡುಗೋಲು ಕಿತ್ತುಕೊಂಡ.

"ಕೊಡ್ತೀನೋ ಬೇವರ್ಸಿ, ಕೈ ತಿರುಚಬೇಡ" ಅಂದ ತಾತ. "ನಿನ್ನ ಹೊಕ್ಕುಳು ಕೊಯ್ದದ್ದೂ ಇದೇ ಕುಡುಗೋಲಲ್ಲಿ. ಹೋಗಿ ನಿಮ್ಮ ಸಾಹೇಬನಿಗೆ ಅದನ್ನೂ ಹೇಳು."

ಅವತ್ತು ಮನೆಯಲ್ಲಿ ಅವಳು ಅವನಿಗೆ ಅನ್ನ ಹಾಕಲಿಲ್ಲ.

"ನಾನು ಬಿಟ್ರೆ ಇನ್ನೊಬ್ಬ ಬರ್ತಾನೆ" ಅಂದ ಅವನು, ಗೋಡೆಗೆ ಮುಖ ಮಾಡಿ. "ಅವನು ಕುಡುಗೋಲು ಕಿತ್ಕೊಳ್ಳಲ್ಲ, ಕೋಲಲ್ಲಿ ಬಾರಿಸ್ತಾನೆ. ಯಾವುದು ಬೇಕು ಹೇಳು."

ಮುದುಕಿ ಮೂಲೆಯಿಂದ, "ಅನ್ನ ಹಾಕೇ" ಅಂದಳು. ಅವಳು ಹಾಕಿದಳು.

ಮರುವಾರ ಇಬ್ಬರು ಆಳುಗಳು ಗೇಟಿನ ಮನೆ ಹತ್ತಿ ಸೈರನ್ನನ್ನು ಹಗ್ಗದಲ್ಲಿ ಇಳಿಸಿದರು. ಕೆಳಗಿನವರು ಕೆಲಸ ನಿಲ್ಲಿಸಿ ನೋಡಿದರು. ಅಷ್ಟು ದೊಡ್ಡ ಕೂಗಿನದು ಅಷ್ಟು ಸಣ್ಣದಿತ್ತು. ಒಬ್ಬ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ.

ಗೇಟು ಎತ್ತಿದ ದಿನ ಇಲ್ಲಿ ಮಳೆ ಇರಲಿಲ್ಲ. ತಿಳಿ ಬಿಸಿಲು. ಮಳೆ ಬಿದ್ದದ್ದು ಮೇಲೆ, ಹೊಳೆ ಹುಟ್ಟುವ ಕಡೆ. ಮಧ್ಯಾಹ್ನ ಏರಿಯ ದಾರಿಯಲ್ಲಿ ಜನ ಓಡಾಡುತ್ತಿದ್ದರು, ಉಯ್ಯಾಲೆ ಕಿರುಗುಟ್ಟುವುದು ಗುಡಿಸಲಿನವರೆಗೂ ಕೇಳುತ್ತಿತ್ತು. ಅವಳು ಒಲೆ ಹಚ್ಚಿ ನೀರಿಟ್ಟಿದ್ದಳು. ಅತ್ತೆ ಚಾಪೆಯ ಮೇಲೆ ಮಲಗಿ ಏನೋ ಹಳೇ ಜಗಳ ನೆನೆಸಿಕೊಂಡು ಹೇಳುತ್ತಿದ್ದವಳು ನಡುವೆ ನಿಲ್ಲಿಸಿದಳು.

"ಬೆನ್ನು ತಣ್ಣಗಾಗ್ತಿದೆ ಕಣೇ."

"ಉಚ್ಚೆ ಹೊಯ್ಕೊಂಡ್ಯಾ ಅತ್ತೆ?"

"ಅದು ಬಿಸಿ ಇರುತ್ತೆ. ಇದು ತಣ್ಣಗಿದೆ."

ಅವಳು ತಿರುಗಿ ನೋಡಿದಳು. ಬಾಗಿಲ ಸಂದಿಯಿಂದ ನೀರು ಒಳಗೆ ಬರುತ್ತಿತ್ತು, ಸದ್ದಿಲ್ಲದೆ, ಮನೆಯವರ ಹಾಗೆ. ಹೊರಗೆ ಓಡಿದಳು. ಜೊಂಡಿನ ಬುಡದಲ್ಲೆಲ್ಲ ನೀರು ಹೊಳೆಯುತ್ತ ಸರಿದು ಬರುತ್ತಿತ್ತು. ಏರಿಯ ಮೇಲೆ ಜನ ಒಬ್ಬರೂ ಇಲ್ಲ. ಉಯ್ಯಾಲೆ ಖಾಲಿ ತೂಗುತ್ತಿತ್ತು. ದೂರದಲ್ಲಿ ಕೊನೆಯ ಕಾರುಗಳು ಊರಿನ ಕಡೆ ಇಳಿಯುತ್ತಿದ್ದವು. ಅವರಿಗೆ ಹೇಳಿದ್ದಾರೆ ಎಂದು ಅವಳಿಗೆ ಆಗ ತಿಳಿಯಿತು.

"ನೀರು" ಎಂದು ಕಿರುಚಿದಳು. ಗಂಟಲು ಹರಿದುಹೋಗುವ ಹಾಗೆ ಕಿರುಚಿದಳು. ಮನೆಮನೆಯಿಂದ ಜನ ಹೊರಬಿದ್ದರು.

ಅತ್ತೆಯನ್ನು ಬೆನ್ನಿಗೆ ಹಾಕಿ ಹೊದಿಕೆಯಲ್ಲಿ ಸೊಂಟಕ್ಕೆ ಬಿಗಿದುಕೊಂಡಳು. ಕಾಲು ತಾನೇ ಹಳೇ ಮೆಟ್ಟಿಲಿನ ಕಡೆ ಓಡಿತು. ಅಲ್ಲಿ ಮೆಟ್ಟಿಲಿರಲಿಲ್ಲ. ಹುಡುಗರು ತಂತಿ ಹತ್ತುತ್ತಿದ್ದರು, ಮೇಲಿನ ಮುಳ್ಳಿಗೆ ಸಿಕ್ಕಿ ಕೈ ಹರಿದುಕೊಳ್ಳುತ್ತಿದ್ದರು. ಹೊರಗೆ ಹೋಗುವ ಒಂದೇ ದಾರಿಯ ಬದಿಯಿಂದಲೇ ನೀರು ಭೋರ್ಗರೆದು ಒಳಗೆ ಬೀಳುತ್ತಿತ್ತು. ಚಾಪೆತಾತ ತೊಡೆಮಟ್ಟದ ನೀರಲ್ಲಿ ನಿಂತು ಕೂಗಿದ. "ಅಟ್ಟಣೆ ಕಡೆ ನಡೀರಿ. ತಗ್ಗಲ್ಲಿ ಅದೊಂದೇ ಎತ್ತರ."

ಅಟ್ಟಣೆಯ ಏಣಿಯ ಬುಡಕ್ಕೆ ಕಬ್ಬಿಣದ ಜಾಲರಿ ಬಾಗಿಲು. ಬಾಗಿಲಿಗೆ ಬೀಗ. ಹೆಂಗಸರು, ಮಕ್ಕಳನ್ನು ತಲೆ ಮೇಲೆ ಹಿಡಿದವರು, ಬಾಣಂತಿಯೊಬ್ಬಳು, ಎಲ್ಲರೂ ಆ ಬಾಗಿಲಿಗೆ ಒತ್ತಿಕೊಂಡು ನಿಂತರು. ಅವಳು ನೀರೊಳಗೆ ಕೈಬಿಟ್ಟು ದಾರಿಯ ಅಂಚಿನ ಕಲ್ಲೊಂದನ್ನು ಕಿತ್ತು ಎತ್ತಿದಳು. ಬೆನ್ನ ಮೇಲಿಂದ ಮುದುಕಿ ಅವಳ ಮುಂಗೈ ಹಿಡಿದಳು.

"ಬೇಡ ಕಣೇ. ಬೀಗ ಒಡೀಬೇಡ. ಅವನ ನೌಕರಿ ಹೋಗುತ್ತೆ."

"ಬಿಡು ಅತ್ತೆ."

"ಬರ್ತಾನೆ ನನ್ಮಗ. ಬೀಗದಕೈ ತಗೊಂಡು ಬಂದೇ ಬರ್ತಾನೆ. ಚೂರು ತಡಿ."

ಎಲ್ಲರೂ ಏರಿಯ ಕಡೆ ನೋಡಿದರು. ಗೇಟಿನ ಮನೆಯ ಹತ್ತಿರ ನೀಲಿ ಅಂಗಿಯ ಮನುಷ್ಯನೊಬ್ಬ ಸಣ್ಣಗೆ ಕಾಣುತ್ತಿದ್ದ. ಆಚೀಚೆ ಓಡುತ್ತಿದ್ದ, ಕೈ ಬೀಸುತ್ತಿದ್ದ. ಅವಳ ಕೈಯೂ ತಡೆಯಿತು. ಮುದುಕಿಯ ಮಾತಿಗಲ್ಲ, ಅವಳಿಗೂ ಅವನು ಬರುತ್ತಾನೆ ಅನ್ನಿಸಿತು. ಅಲ್ಲೇ ಕೆಳಗೆ ಹಂಸದ ದೋಣಿಗಳು ಸಾಲಾಗಿ ತೇಲುತ್ತಿದ್ದವು. ಒಂದನ್ನು ಬಿಚ್ಚಿದರೆ ಸಾಕು. ನೀಲಿ ಅಂಗಿ ದೋಣಿಗಳವರೆಗೆ ಇಳಿಯಿತು. ಅದರ ಹಿಂದೆ ಇನ್ನೊಂದು ಆಕಾರ ಬಂದು ನಿಂತಿತು. ನೀಲಿ ಅಂಗಿ ಮತ್ತೆ ಮೇಲೆ ಹತ್ತಿತು.

ನೀರು ಎದೆಗೆ ಬಂದಿತ್ತು. ಬೀಗ ನೀರಿನ ಕೆಳಗೆ ಹೋಗಿತ್ತು.

"ಹೊಡಿಯೇ ಅವನಜ್ಜಿ" ಅಂದ ಚಾಪೆತಾತ.

ಅವಳು ಹೊದಿಕೆ ಬಿಚ್ಚಿ ಅತ್ತೆಯನ್ನು ಪಕ್ಕದವಳ ಹೆಗಲಿಗೆ ದಾಟಿಸಿದಳು. ಮುದುಕಿ ಮುಂಗೈ ಬಿಡಲಿಲ್ಲ. ಅವಳು ಕೊಡವಿದಳು. ಬಿಡಲಿಲ್ಲ. ಒಂದೊಂದೇ ಬೆರಳು ಬಿಡಿಸಿ, ಆ ಕೈಯನ್ನು ಆಚೆ ನೂಕಿ, ಕಲ್ಲು ಹಿಡಿದು ಮುಳುಗಿದಳು. ನೀರೊಳಗೆ ಏಟು ಏಟಾಗುತ್ತಿರಲಿಲ್ಲ. ಎದ್ದು ಉಸಿರು ತಗೊಂಡು ಮತ್ತೆ ಮುಳುಗಿದಳು. ಬೆರಳು ಜಜ್ಜಿತು. ಮತ್ತೆ ಎದ್ದಳು. ಯಾರೋ ಅಳುತ್ತಿದ್ದರು, ಯಾರೋ ಸಾಹೇಬನ ತಾಯಿಯನ್ನು ಬಯ್ಯುತ್ತಿದ್ದರು. ಕೊಂಡಿ ಕಿತ್ತುಬಂದಾಗ ಬಾಗಿಲು ತೆರೆಯಲಿಲ್ಲ, ನೀರೇ ಅದನ್ನು ಒತ್ತಿ ಹಿಡಿದಿತ್ತು. ಎಲ್ಲರೂ ಸೇರಿ ಎಳೆದರು. ಆ ನೂಕಾಟದಲ್ಲಿ ಪಕ್ಕದವಳ ಹೆಗಲು ತಪ್ಪಿ ಮುದುಕಿ ನೀರಿನೊಳಗೆ ಹೋದಳು.

ಕೂದಲು ಸಿಕ್ಕಿತು. ಕೂದಲು ಹಿಡಿದೇ ಎಳೆದು ಮೆಟ್ಟಿಲಿಗೆ ಹಾಕಿದರು.

ಅಟ್ಟಣೆಯ ಮೇಲೆ ಬೆತ್ತದ ಕುರ್ಚಿಗಳು, ಗೋಡೆಗೆ ಹಕ್ಕಿಗಳ ಚಿತ್ರ. ಕುರ್ಚಿಗಳನ್ನು ಕೆಳಕ್ಕೆಸೆದು ಜನ ಒಬ್ಬರ ಮೈಗೊಬ್ಬರು ಒತ್ತಿ ಕೂತರು. ಅವಳು ಅತ್ತೆಯನ್ನು ಮಡಿಲಿಗೆ ಹಾಕಿಕೊಂಡು ಬೆನ್ನು ತಿಕ್ಕಿದಳು, ಅಂಗಾಲು ತಿಕ್ಕಿದಳು. ಮುದುಕಿ ನೀರು ಕಕ್ಕಿದಳು. ಆಮೇಲೆ ಮೈ ನಡುಗತೊಡಗಿತು. ಸಂಜೆಯ ಬೆಳಕು ಇನ್ನೂ ಇತ್ತು. ಕೆಳಗೆ ಅವರ ಮನೆಗಳ ಮಾಡುಗಳು ಒಂದೊಂದಾಗಿ ಕಳಚಿ ತೇಲಿ ಹೋಗುವುದು ಕಾಣುತ್ತಿತ್ತು. ಯಾರೂ ಇದು ನನ್ನದು ಅನ್ನಲಿಲ್ಲ.

"ಬೀಗ ಏನಾಯ್ತೇ?" ಅಂದಳು ಮುದುಕಿ.

ಅವಳು ಬಗ್ಗಿ ಕಿವಿಯ ಹತ್ತಿರ ಬಾಯಿಟ್ಟಳು. "ಅವನೇ ಬಂದು ತೆಗೆದ ಅತ್ತೆ."

"ಬಂದ್ನಾ?"

"ಬಂದ. ಬೀಗದಕೈ ತಂದಿದ್ದ."

"ನಾನು ಹೇಳ್ಲಿಲ್ವಾ" ಅಂದಳು ಮುದುಕಿ. ಅದಾದ ಮೇಲೆ ನಡುಕ ನಿಧಾನವಾಗಿ ಕಡಿಮೆಯಾಯಿತು. ಮೈ ಬೆಚ್ಚಗಾಗುತ್ತಿದೆ ಎಂದು ಅವಳು ತಿಳಿದಳು. ಚಾಪೆತಾತ ಬಂದು ಮುದುಕಿಯ ಮೂಗಿನ ಬಳಿ ಬೆರಳಿಟ್ಟು ನೋಡಿ, ತನ್ನ ತಲೆಗೆ ಸುತ್ತಿದ್ದ ಒದ್ದೆ ಬಟ್ಟೆ ಬಿಚ್ಚಿ ಮುಖಕ್ಕೆ ಹೊದಿಸಿದ.

ಬೆಳಗಾದಾಗ ನೀರು ಏರಿಯ ಅಂಚಿನವರೆಗೂ ನಿಂತಿತ್ತು, ಕನ್ನಡಿಯ ಹಾಗೆ. ಅದರ ಮೇಲೆ ಹಂಸಗಳು ಬಂದವು. ಬಿಳಿ ಕುತ್ತಿಗೆ, ಕೆಂಪು ಕೊಕ್ಕು, ಬಣ್ಣ ಬಳಿದ ಕಣ್ಣು. ಮೊದಲನೆಯದರಲ್ಲಿ ಸಾಹೇಬರು ನೀರಲ್ಲಿ ತೇಲಿಸುವ ಕಿತ್ತಳೆ ಬಣ್ಣದ ಅಂಗಿ ಕಟ್ಟಿಕೊಂಡು ಕೂತಿದ್ದರು, ಪಕ್ಕದಲ್ಲಿ ಹಕ್ಕಿ ಮೇಡಂ. ಹಿಂದಿನ ಸೀಟಿನಲ್ಲಿ ಅವಳ ಗಂಡ ತುಳಿಯುತ್ತಿದ್ದ. ಮೇಡಂ ದ್ವೀಪ ಇದ್ದ ಕಡೆ ನೋಡಿ, "ಒಂದು ಗೂಡೂ ಉಳಿದಿಲ್ಲ" ಎಂದು ಅಳುತ್ತಿದ್ದರು.

ಸಾಹೇಬರು ತಲೆಯೆತ್ತಿ ಅಟ್ಟಣೆ ನೋಡಿದರು.

"ಬೀಗ ಒಡೆದೋರು ಯಾರು?"

"ನಾನು" ಅಂದಳು.

"ನಾನೂ" ಅಂದ ಚಾಪೆತಾತ. "ನಮ್ಮ ಮನೆ ಬಾತುಕೋಳಿ ಹಿಂದೆ ಇತ್ತು ಸ್ವಾಮಿ, ನಿನ್ನೆ ಹೋಯ್ತು."

ಗಂಡ ತುಳಿಯುವುದನ್ನು ನಿಲ್ಲಿಸಿ ಮೇಲೆ ನೋಡುತ್ತಿದ್ದ. "ಅವ್ವ ಎಲ್ಲಿ?" ಅಂದ. ಅವಳು ಪಕ್ಕಕ್ಕೆ ಸರಿದು ನಿಂತಳು. ಅವನಿಗೆ ಕಂಡಿತು. "ದೋಣಿಗೆ ಲೈಟಿಲ್ಲ ಅಂದ್ರು. ಕತ್ತಲಾಗುತ್ತೆ, ಬೆಳಿಗ್ಗೆ ಹೋಗೋಣ ಅಂದ್ರು ಸಾಹೇಬ್ರು. ಮೆಸೇಜ್ ಹೋಗಿದೆ, ಎಲ್ರೂ ಹತ್ತಿರ್ತಾರೆ ಅಂದ್ರು."

"ನಿನ್ನೆ ಬೆಳಕಿತ್ತು" ಅಂದಳು ಅವಳು.

ಅಟ್ಟಣೆಯಲ್ಲಿದ್ದವರನ್ನೆಲ್ಲ ಏರಿಗೆ ದಾಟಿಸಿ, ಹೆಣವನ್ನೂ ಹಂಸದ ದೋಣಿಯಲ್ಲೇ ತಂದರು, ಎರಡು ಸೀಟಿಗೂ ಅಡ್ಡವಾಗಿ ಒರಗಿಸಿ. ಅವಳು ತುಳಿದಳು. ಏರಿಯ ಮೇಲೆ ಬೆಳಗಿನ ನಡಿಗೆಗೆ ಬಂದವರು ನಿಂತು ಫೋನಲ್ಲಿ ಪಟ ತೆಗೆಯುತ್ತಿದ್ದರು. ಸಾಹೇಬರು ಅವರನ್ನೆಲ್ಲ ದೂರ ಸರಿಸಿ ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ವ್ಯಾನ್ ಕರೆಸಿದೀನಿ. ಆಸ್ಪತ್ರೆಗೆ ಹೋಗ್ಲಿ. ಆಮೇಲೆ ಸುಡೋ ವ್ಯವಸ್ಥೆ ನಾವೇ ಮಾಡ್ತೀವಿ. ಪತ್ರಿಕೆಯೋರು ಬರೋಕೆ ಮುಂಚೆ ಎತ್ತಿಬಿಡೋಣ."

"ನಮ್ಮೋರನ್ನ ಮಣ್ಣಿಗಿಡ್ತೀವಿ."

"ಎಲ್ಲಿಡ್ತೀಯ? ನೀರು ಕಾಣ್ತಿಲ್ವಾ?"

"ಊರಿನ ಸ್ಮಶಾನದಲ್ಲಿ ಜಾಗ ಕೊಡ್ಸಿ."

"ಅದು ಊರಿನೋರದು. ಅವರು ಒಪ್ಪಲ್ಲ. ಸುಮ್ನೆ ಗಲಾಟೆ ಬೇಡ, ಹೇಳಿದಷ್ಟು ಮಾಡು."

ಅವಳು ಹೂತೋಟದ ಸಾಮಾನಿಡುವ ಕೊಟ್ಟಿಗೆಯ ಕಡೆ ನಡೆದಳು. ಹೂವಿನ ಪಾತಿ ಮಾಡುವ ಗುದ್ದಲಿಗಳನ್ನು ಅಲ್ಲಿ ಸಾಲಾಗಿ ಒರಗಿಸಿದ್ದರು. ಒಂದನ್ನು ಆರಿಸಿ, ಮರದ ಕಾವು ಬಿಗಿಯಿದೆಯೇ ನೋಡಿ, ತಂದು, ಏರಿಯ ನೆತ್ತಿಯಲ್ಲಿ ನಡೆಯುವವರ ದಾರಿಯ ನಟ್ಟನಡುವೆ ನಿಂತು ಮೊದಲ ಏಟು ಹಾಕಿದಳು.

ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ಎರಡನೇ ಏಟಿಗೆ ಮುಖದ ಬಣ್ಣ ಹೋಯಿತು.

"ಏಯ್. ಏರಿ ಅಗೀಬೇಡ."

ಅವಳು ಅಗೆದಳು. ಜಜ್ಜಿದ ಬೆರಳು ಕಾವಿಗೆ ಅಂಟುತ್ತಿತ್ತು.

"ಒಂದು ಪಕ್ಕ ಪೂರಾ ನೀರು ನಿಂತಿದೆ ಕಣೇ. ಏರಿ ರಾತ್ರಿಯೆಲ್ಲ ನೆಂದಿದೆ. ಒಂದು ಕಡೆ ಬಾಯಿ ಬಿಟ್ರೆ ಊರು ಕೊಚ್ಚಿಹೋಗುತ್ತೆ. ಬೇಡ ಅಂದ್ನಲ್ಲ." ಸಾಹೇಬರು ಎರಡೂ ಕೈ ಜೋಡಿಸಿದರು. "ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ. ಇಲ್ಲಿ ಬೇಡ. ಬೇರೆ ಎಲ್ಲಾದ್ರೂ ಮಾಡು."

"ಎಲ್ಲಿ? ತೋರ್ಸಿ."

ಸಾಹೇಬರು ಬಲಕ್ಕೆ ನೋಡಿದರು. ಅಂಚಿನವರೆಗೆ ನೀರು. ಎಡಕ್ಕೆ ನೋಡಿದರು. ಬಹಳ ಕೆಳಗೆ ಊರಿನ ಮಾಡುಗಳು, ಒಣಹಾಕಿದ ಬಟ್ಟೆಗಳು, ಶಾಲೆಯ ಅಂಗಳ. ಫೋನು ತೆಗೆದು ಪೊಲೀಸರಿಗೆ ಕೂಗತೊಡಗಿದರು. ಪಟ ತೆಗೆಯುತ್ತಿದ್ದವರು ಫೋನು ಇಳಿಸಿ, ಒಬ್ಬೊಬ್ಬರಾಗಿ ಊರಿನ ಕಡೆ ಇಳಿಯುತ್ತ, ಇಳಿಯುತ್ತ ಓಡತೊಡಗಿದರು.

"ಏಯ್ ವಾಚ್‌ಮನ್, ಏನೋ ನೋಡ್ತಿದೀಯ? ಹಿಡ್ಕೊಳ್ಳೋ ನಿನ್ನ ಹೆಂಡ್ತೀನ."

ಅವನು ಬಂದ. ಅವಳು ಗುದ್ದಲಿ ಗಟ್ಟಿ ಹಿಡಿದು, ತನ್ನ ಮೇಲೆ ಬೀಳುವ ಕೈಗೆ ಕಾದು ನಿಂತಳು. ಅವನು ಅವಳನ್ನು ಮುಟ್ಟಲಿಲ್ಲ. ಮಂಡಿಯೂರಿ, ಅವಳು ಎಬ್ಬಿಸಿದ ಮಣ್ಣನ್ನು ಎರಡೂ ಕೈಯಲ್ಲಿ ಬಾಚಿ, ಪಾತಿಯ ಪಕ್ಕ ಬಿದ್ದಿದ್ದ ಮಣ್ಣು ಹೊರುವ ಬಾಂಡ್ಲಿಗೆ ತುಂಬಿಸಿದ. ತುಂಬಿದ್ದನ್ನು ಎತ್ತಿಕೊಂಡು ಹೋಗಿ ನೀರಿಗೆ ಸುರಿದು ಬಂದ. ಅವನ ಮುಖ ನೋಡಲು ಅವಳಿಗೆ ಇಷ್ಟವಿರಲಿಲ್ಲ, ನೋಡಲೂ ಇಲ್ಲ. ಚಾಪೆತಾತ ಮತ್ತೆ ಎರಡು ಗುದ್ದಲಿ ತಂದ. ಬಾಣಂತಿ ಮಗುವನ್ನು ಮುದುಕಿಯ ಹೆಣದ ಪಕ್ಕ ಮಲಗಿಸಿ ಒಂದನ್ನು ತಗೊಂಡಳು.

ಕೆಳಗೆ ಊರಲ್ಲಿ ಜನ ಬಾಗಿಲು ತೆಗೆದು ಬೀದಿಗೆ ಬರುತ್ತಿದ್ದರು, ತಲೆಯೆತ್ತಿ ಏರಿಯ ಕಡೆ ನೋಡುತ್ತಿದ್ದರು. ದಾರಿಯ ತುದಿಯಲ್ಲಿ ಖಾಕಿ ಅಂಗಿಗಳು ಓಡಿಬರುವುದು ಕಾಣುತ್ತಿತ್ತು. ಕುಣಿ ಮೊಣಕಾಲಾಳಕ್ಕೆ ಇಳಿದಾಗ ನೀರಿನ ಬದಿಯ ಮಣ್ಣು ಬಣ್ಣ ಬದಲಿಸಿತು. ಅವಳು ಬಗ್ಗಿ ಅಂಗೈ ಒತ್ತಿ ನೋಡಿದಳು. ಒದ್ದೆಯಾಗಿತ್ತು. ಕೈಯನ್ನು ತೊಡೆಗೆ ಒರೆಸಿಕೊಂಡು ಮತ್ತೆ ಗುದ್ದಲಿ ಎತ್ತಿದಳು.